ಭಂಗಾರವೋ, ಬಂಗಾರವೋ? – ಹಳೆಯ ಮಸೂರವೊಂದರ ಪರೀಕ್ಷೆ



ಗಡಿಭಾಗದಲ್ಲಿ ಬಾಳುವ ನಮಗೆ ಎರಡು ಭಾಷೆಗಳು ಕಿವಿಯಲ್ಲಿ ಒಟ್ಟಿಗೇ ಬೀಳುತ್ತವೆ. ಮರಾಠಿಯಲ್ಲಿ ‘ಭಂಗಾರ’ ಎಂದರೆ ಮೋಡಕಾ ಸಾಮಾನು, ಗುಜರಿ. ಕನ್ನಡದಲ್ಲಿ ‘ಬಂಗಾರ’ ಎಂದರೆ ಚಿನ್ನ. ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ ಮಾತ್ರ. ಇವತ್ತು ನಾನು ಹೇಳಹೊರಟಿರುವ ವಸ್ತುವೂ ಹಾಗೆಯೇ. ನೋಡುವವರ ಕಣ್ಣಿಗೆ ತಕ್ಕಂತೆ ಅದು ಭಂಗಾರವೂ ಆಗುತ್ತದೆ, ಬಂಗಾರವೂ ಆಗುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಹಳೆಯ ಫೋಟೋ ಸ್ಟುಡಿಯೋ ಒಂದನ್ನು ತೆರವು ಮಾಡಿದರು. ಬಾಗಿಲ ಮೇಲೆ ಎರಡು ಲಿಪಿಯ ಬೋರ್ಡು ಇದ್ದ ಅಂಗಡಿ ಅದು. ಮಾಲೀಕರು ತೀರಿಕೊಂಡಿದ್ದರು. ಗಾಜಿನ ನೆಗೆಟಿವ್‌ಗಳನ್ನು ಬಿಸಿನೀರಲ್ಲಿ ತೊಳೆದು, ಚಿತ್ರವನ್ನೆಲ್ಲ ಕೆರೆದು, ಬರೀ ಗಾಜನ್ನು ಕಿಟಕಿಗೆ ಹಾಕಿಕೊಂಡಿದ್ದರು. ಉಳಿದದ್ದು ಮೋಡಕಾ ಅಂಗಡಿಗೆ ಹೋಗಿತ್ತು. ಅಲ್ಲಿ ತಕ್ಕಡಿಯ ಪಕ್ಕದಲ್ಲಿ ಕೈಮುಷ್ಟಿಗಿಂತ ದೊಡ್ಡದಾದ ಒಂದು ಹಿತ್ತಾಳೆಯ ಕೊಳವೆ ಬಿದ್ದಿತ್ತು. ಎರಡೂ ತುದಿಗೆ ದಪ್ಪ ಗಾಜು. ಅಂಗಡಿಯವನು, “ಪಿತಳಿ ಭಾಳ ಐತ್ರೀ ಇದರಾಗ. ಗಾಜು ಒಡದ ತಗದ್ರ ತೂಕಕ್ಕ ಹಾಕಬಹುದು” ಎಂದ. ಅವನದು ತಪ್ಪಲ್ಲ. ಅವನ ವ್ಯಾಪಾರವೇ ಅದು. ನಾನು ಹಿತ್ತಾಳೆಯ ತೂಕದ ಬೆಲೆಯನ್ನೇ ಕೊಟ್ಟು ಅದನ್ನು ಮನೆಗೆ ತಂದೆ.

ಅದು ಫೋಟೋ ತೆಗೆಯುವ ಮಸೂರ, ಅಂದರೆ ಲೆನ್ಸು. ಈ ಹೆಸರಿನಲ್ಲೇ ಒಂದು ಸ್ವಾರಸ್ಯವಿದೆ. ಲ್ಯಾಟಿನ್ ಭಾಷೆಯಲ್ಲಿ ‘ಲೆನ್ಸ್’ ಎಂದರೆ ಒಂದು ಬೇಳೆಕಾಳು. ನಾವು ಚನ್ನಂಗಿ ಎನ್ನುವ, ಮರಾಠಿ ಮನೆಗಳಲ್ಲಿ ಮಸೂರ ಎನ್ನುವ ಕಾಳೇ ಅದು. ನಡುವೆ ಉಬ್ಬಿ ಅಂಚಿನಲ್ಲಿ ತೆಳುವಾಗಿರುವ ಗಾಜಿಗೆ ಯುರೋಪಿನವರು ಆ ಕಾಳಿನ ಹೆಸರಿಟ್ಟರು. ನಮ್ಮಲ್ಲೂ ಅದು ಮಸೂರವೇ ಆಯಿತು.

ಈಗಿನ ಮೊಬೈಲಿನ ಮಸೂರ ಬೇಳೆಕಾಳಿನಷ್ಟೇ ಇರುತ್ತದೆ. ನನ್ನ ಕೈಗೆ ಬಂದದ್ದು ತೆಂಗಿನ ಚಿಪ್ಪಿನಷ್ಟು ಅಗಲದ್ದು. ಇಂಥದಕ್ಕೆ ಕ್ಯಾಮೆರಾ ಕೂಡ ದೊಡ್ಡದೇ ಬೇಕು. ಮರದ ಚೌಕಟ್ಟು, ನಡುವೆ ಹಾರ್ಮೋನಿಯಂ ತಿದಿಯಂಥ ಮಡಿಕೆ, ಹಿಂದೆ ಉಜ್ಜಿ ಮಸುಕು ಮಾಡಿದ ಗಾಜು. ಛಾಯಾಗ್ರಾಹಕ ಕರಿ ಬಟ್ಟೆ ಹೊದ್ದು ಆ ಗಾಜಿನಲ್ಲಿ ನೋಡುತ್ತಾನೆ. ಎದುರಿಗಿರುವವರು ತಲೆಕೆಳಗಾಗಿ ಕಾಣುತ್ತಾರೆ. ಸ್ಪಷ್ಟವಾದ ಮೇಲೆ ಗಾಜಿನ ಜಾಗದಲ್ಲಿ ಫಿಲ್ಮಿನ ಹಾಳೆ ಇಟ್ಟು, ಮಸೂರದ ಮುಚ್ಚಳ ತೆಗೆದು ಹಾಕುತ್ತಾನೆ. ಹಾಳೆ ಎಂದರೆ ಹಾಳೆಯೇ. ನಾಲ್ಕು ಅಂಗುಲಕ್ಕೆ ಐದು ಅಂಗುಲದ್ದು ಚಿಕ್ಕದು. ಅದೂ ಸಾಮಾನ್ಯ ರೋಲಿನ 35 ಮಿಲಿಮೀಟರ್ ಚಿತ್ರಕ್ಕಿಂತ ಸುಮಾರು 15 ಪಟ್ಟು ವಿಸ್ತಾರವಾದದ್ದು. ಹಳೆಯ ಸ್ಟುಡಿಯೋಗಳು ಹಾಫ್ ಪ್ಲೇಟು, ಫುಲ್ ಪ್ಲೇಟು ಎನ್ನುತ್ತಿದ್ದುದು ಇನ್ನೂ ದೊಡ್ಡ ಅಳತೆಗಳಿಗೆ.

ನನ್ನ ಕೊಳವೆಯೊಳಗಿನ ಗಾಜುಗಳನ್ನು ಪರೀಕ್ಷಿಸಿದಾಗ ಅದು ‘ಪೆಟ್ಜ್‌ವಾಲ್’ ಜಾತಿಯ ಮಸೂರ ಎಂದು ತಿಳಿಯಿತು. ಹೇಗೆ ತಿಳಿಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಹೆಸರಿನ ಮನುಷ್ಯನ ಕಥೆ ಕೇಳಬೇಕು. ಅದು ನಮ್ಮಂಥ ಗಡಿನಾಡಿನವರ ಮನಸ್ಸಿಗೆ ಹತ್ತಿರವಾದ ಕಥೆ.

ಜೋಸೆಫ್ ಪೆಟ್ಜ್‌ವಾಲ್ ಹುಟ್ಟಿದ್ದು 1807ರಲ್ಲಿ, ಸ್ಪಿಷ್‌ಸ್ಕಾ ಬೆಲಾ ಎಂಬ ಪುಟ್ಟ ಊರಿನಲ್ಲಿ. ಆಗ ಅದು ಹಂಗೇರಿ ರಾಜ್ಯದಲ್ಲಿತ್ತು. ಈಗ ಸ್ಲೊವಾಕಿಯ ದೇಶದಲ್ಲಿದೆ. ಜರ್ಮನ್, ಸ್ಲೊವಾಕ್, ಹಂಗೇರಿಯನ್ – ಮೂರು ನುಡಿಗಳು ಬೆರೆತ ಸೀಮೆ ಅದು. ಇವತ್ತಿಗೂ ಮೂರು ಕಡೆಯವರು ಪೆಟ್ಜ್‌ವಾಲ್ ನಮ್ಮವನು ಎನ್ನುತ್ತಾರೆ. ಆತ ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಗಣಿತದಲ್ಲಿ ಬುದ್ಧಿವಂತನಾಗಿದ್ದ ಆತ 1837ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ.

1839ರಲ್ಲಿ ಪ್ಯಾರಿಸಿನಲ್ಲಿ ದಾಗೆರ್ ಎಂಬಾತನ ಛಾಯಾಚಿತ್ರ ವಿಧಾನ ಲೋಕಕ್ಕೆ ಪ್ರಕಟವಾಯಿತು. ಎಲ್ಲರೂ ಬೆರಗಾದರು. ಆದರೆ ಒಂದು ಕೊರತೆ ಇತ್ತು. ಆಗಿನ ಮಸೂರ ಬಹಳ ಕಡಿಮೆ ಬೆಳಕನ್ನು ಒಳಗೆ ಬಿಡುತ್ತಿತ್ತು. ಬಿಸಿಲಲ್ಲೂ ಹಲವು ನಿಮಿಷ ಕ್ಯಾಮೆರಾ ತೆರೆದಿಡಬೇಕು. ಕಟ್ಟಡ ಅಲುಗಾಡುವುದಿಲ್ಲ, ಸರಿ. ಮನುಷ್ಯ ಅಷ್ಟು ಹೊತ್ತು ಕಣ್ಣು ಮಿಟುಕಿಸದೆ ಕೂಡುವುದು ಹೇಗೆ? ಮುಖದ ಚಿತ್ರ ಬೇಕಾದರೆ ಹೆಚ್ಚು ಬೆಳಕು ತರುವ ಮಸೂರ ಬೇಕಿತ್ತು.

ಪೆಟ್ಜ್‌ವಾಲ್ ಈ ಕೆಲಸಕ್ಕೆ ಕೈಹಾಕಿದ. ಅಲ್ಲಿಯವರೆಗೆ ಮಸೂರ ಮಾಡುವವರು ಗಾಜು ಅರೆದು ನೋಡುವುದು, ಸರಿಬರದಿದ್ದರೆ ಮತ್ತೆ ಅರೆಯುವುದು – ಹೀಗೆ ನಡೆಯುತ್ತಿದ್ದರು. ಈತ ಗಾಜು ಮುಟ್ಟುವ ಮೊದಲೇ, ಬೆಳಕಿನ ಕಿರಣ ಪ್ರತಿಯೊಂದು ಮೈಯಲ್ಲೂ ಎಷ್ಟು ಬಾಗುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿದ. ಆ ಲೆಕ್ಕ ಒಬ್ಬನ ಕೈಗೆ ಮುಗಿಯುವಂಥದಲ್ಲ. ಫಿರಂಗಿ ದಳದಲ್ಲಿ ಗುಂಡಿನ ದಾರಿ ಎಣಿಸಲು ಕಲಿತಿದ್ದ ಸೈನಿಕರನ್ನು ಅವನ ಸಹಾಯಕ್ಕೆ ಕೊಡಲಾಯಿತು. 1840ರಲ್ಲಿ ಮಸೂರ ಸಿದ್ಧವಾಯಿತು. ವಿಯೆನ್ನಾದ ಫೋಕ್ಟ್‌ಲೆಂಡರ್ ಎಂಬ ಗಾಜಿನ ಕುಶಲಕರ್ಮಿ ಅದನ್ನು ಅರೆದು ಕೂಡಿಸಿದ. ಮೊದಲಿನ ಮಸೂರಕ್ಕಿಂತ ಸುಮಾರು 16 ಪಟ್ಟು ಹೆಚ್ಚು ಬೆಳಕು! ಅದರ ಜೊತೆಗೆ ತಟ್ಟೆಗೆ ಹಚ್ಚುವ ರಾಸಾಯನಿಕಗಳೂ ಸುಧಾರಿಸಿದ್ದರಿಂದ ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯಿತು. ಸಾಮಾನ್ಯ ಜನ ಮುಖದ ಚಿತ್ರ ತೆಗೆಸಿಕೊಳ್ಳುವ ಕಾಲ ಬಂತು.

ಆದರೆ ಲಾಭ ಲೆಕ್ಕ ಹಾಕಿದವನಿಗೆ ಸಿಗಲಿಲ್ಲ. ಫೋಕ್ಟ್‌ಲೆಂಡರ್ ಒಂದೇ ಬಾರಿ 2000 ಗುಲ್ಡನ್ ಕೊಟ್ಟು ಕೈತೊಳೆದುಕೊಂಡ. ಆಸ್ಟ್ರಿಯದ ಹೊರಗೆ ಹಕ್ಕುಪತ್ರ ಪಡೆದಿರಲಿಲ್ಲವಾದ್ದರಿಂದ ಲಂಡನ್, ಪ್ಯಾರಿಸಿನವರೆಲ್ಲ ಅದನ್ನೇ ನಕಲು ಮಾಡಿ ಮಾರಿದರು. ಇಬ್ಬರಿಗೂ ಜಗಳವಾಯಿತು. 1849ರಲ್ಲಿ ಫೋಕ್ಟ್‌ಲೆಂಡರ್ ಜರ್ಮನಿಯ ಬ್ರೌನ್‌ಶ್ವೈಗ್ ಊರಿನಲ್ಲಿ ಕಾರ್ಖಾನೆ ತೆರೆದ. ಪೆಟ್ಜ್‌ವಾಲ್ 1891ರಲ್ಲಿ ವಿಯೆನ್ನಾದಲ್ಲೇ ತೀರಿಕೊಂಡ. ಆದರೂ ಅವನ ಲೆಕ್ಕ ಸಾಯಲಿಲ್ಲ. ಮುಂದೆ ಸಿನೆಮಾ ಬಂದಾಗ ಪರದೆಯ ಮೇಲೆ ಬೆಳಕು ಚೆಲ್ಲುವ ಪ್ರೊಜೆಕ್ಟರುಗಳಲ್ಲೂ ಇದೇ ಮಾದರಿಯ ಮಸೂರಗಳು ಬಂದವು. ಜಾತ್ರೆಯ ಟೂರಿಂಗ್ ಟಾಕೀಸಿನಲ್ಲಿ ಸಿನೆಮಾ ನೋಡಿದವರು ಪೆಟ್ಜ್‌ವಾಲನ ಹೆಸರು ಕೇಳಿರಲಿಕ್ಕಿಲ್ಲ. ಅವನ ಲೆಕ್ಕದ ಬೆಳಕಿನಲ್ಲಿ ಚಿತ್ರ ನೋಡಿರುವ ಸಂಭವ ಮಾತ್ರ ಉಂಟು.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಷ್ಟೊಂದು ಬೆಳಕು ಪಡೆಯಲು ಪೆಟ್ಜ್‌ವಾಲ್ ಏನನ್ನು ಬಿಟ್ಟುಕೊಟ್ಟ? ಯಾವ ವಸ್ತುವೂ ಪುಕ್ಕಟೆ ಬರುವುದಿಲ್ಲವಲ್ಲ! ಅವನು ಬಿಟ್ಟುಕೊಟ್ಟದ್ದು ಚಿತ್ರದ ಮೂಲೆಗಳನ್ನು.

ಅಡುಗೆಮನೆಯ ಬಾಣಲೆಯನ್ನು ನೆನೆಯಿರಿ. ಈ ಮಸೂರ ಮೂಡಿಸುವ ಸ್ಪಷ್ಟ ಬಿಂಬ ಸಪಾಟಾಗಿ ಬೀಳುವುದಿಲ್ಲ. ಬಾಣಲೆಯ ಒಳಮೈಯಂತೆ ಬಾಗಿರುತ್ತದೆ. ನಮ್ಮ ಫಿಲ್ಮಿನ ಹಾಳೆಯೋ ರೊಟ್ಟಿಯ ಹಂಚಿನಂತೆ ಸಪಾಟು. ಬಾಣಲೆಯನ್ನು ಹಂಚಿನ ಮೇಲಿಟ್ಟರೆ ನಡುಭಾಗ ಮಾತ್ರ ತಾಗುತ್ತದೆ, ಅಂಚು ಮೇಲೆಯೇ ಉಳಿಯುತ್ತದೆ. ಹಾಗೆಯೇ ಚಿತ್ರದ ನಡುವೆ ಕಣ್ಣಿನ ರೆಪ್ಪೆಯ ಕೂದಲೂ ಎಣಿಸುವಷ್ಟು ಸ್ಪಷ್ಟ. ಅಂಚಿಗೆ ಹೋದಂತೆ ಎಲ್ಲ ಕರಗಿದಂತೆ. ಹಳಬರಿಗೆ ಇದು ಗೊತ್ತಿತ್ತು. ಆದ್ದರಿಂದಲೇ ಗುಂಪಿನ ಚಿತ್ರ ತೆಗೆಯುವಾಗ ಜನರನ್ನು ಅರ್ಧಚಂದ್ರಾಕಾರವಾಗಿ, ಎರಡೂ ತುದಿಯವರು ಕ್ಯಾಮೆರಾಕ್ಕೆ ಕೊಂಚ ಹತ್ತಿರ ಬರುವಂತೆ ಕೂರಿಸುತ್ತಿದ್ದರು. ಶೋಭೆಗಾಗಿ ಎಂದು ನಾವು ತಿಳಿದದ್ದರ ಹಿಂದೆ ಮಸೂರದ ಈ ಬಾಗು ಇತ್ತು.

ಇನ್ನೊಂದು ಗುಣ, ಹಿನ್ನೆಲೆಯ ಸುತ್ತು. ಮರದ ಎಲೆಗಳ ಸಂದಿನಿಂದ ಇಣುಕುವ ಬಿಸಿಲ ಚುಕ್ಕೆಗಳು ಈ ಮಸೂರದ ಚಿತ್ರದಲ್ಲಿ ಮುಖದ ಸುತ್ತ ಸುಳಿಯಂತೆ ತಿರುಗುತ್ತವೆ. ರೇಡಿಯೋದಲ್ಲಿ ಚಿತ್ರ ತೋರಿಸುವಂತಿಲ್ಲ. ಆದರೆ ನೀವು ಕೂತಲ್ಲೇ ಒಂದು ಪ್ರಯೋಗ ಮಾಡಬಹುದು. ಕೈಗೆ ಸಿಕ್ಕ ಪತ್ರಿಕೆ – ಕನ್ನಡದ್ದೋ, ನಿಮ್ಮ ರಾಜ್ಯದ ಭಾಷೆಯದ್ದೋ – ಸುರುಳಿ ಸುತ್ತಿ ಕೊಳವೆ ಮಾಡಿ. ನೇರವಾಗಿ ನೋಡಿದರೆ ಆಚೆಯ ಬಾಯಿ ದುಂಡಗೆ ಕಾಣುತ್ತದೆ. ಸ್ವಲ್ಪ ಓರೆಯಾಗಿ ನೋಡಿ. ಈಚೆಯ ಬಾಯಿ ಆಚೆಯ ಬಾಯನ್ನು ಕತ್ತರಿಸಿ, ದುಂಡು ಹೋಗಿ ಬಾದಾಮಿಯ ಆಕಾರ ಉಳಿಯುತ್ತದೆ. ಮಸೂರದ ಉದ್ದನೆಯ ಹಿತ್ತಾಳೆ ಕೊಳವೆಯೂ ಇದನ್ನೇ ಮಾಡುತ್ತದೆ. ನಡುವಿನ ಬೆಳಕಿನ ಚುಕ್ಕೆ ದುಂಡಗೆ, ಅಂಚಿನವು ಬಾದಾಮಿಯಂತೆ, ಎಲ್ಲವೂ ನಡುವನ್ನು ಸುತ್ತುವರಿದು ನಿಲ್ಲುತ್ತವೆ. ಇದರ ಜೊತೆಗೆ ಬಿಂಬದ ಬಾಗೂ ಸೇರಿ ಸುಳಿಯ ಭ್ರಮೆ ಹುಟ್ಟುತ್ತದೆ. ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ.

ಪೆಟ್ಜ್‌ವಾಲ್‌ಗೆ ಇದು ದೋಷವೇ ಆಗಿತ್ತು. ಈಗಿನವರು ಅದನ್ನೇ ಬೇಕೆಂದು ಹುಡುಕುತ್ತಾರೆ. 2013ರಲ್ಲಿ ಲೋಮೋಗ್ರಫಿ ಎಂಬ ಸಂಸ್ಥೆ ಹೊಸ ಕ್ಯಾಮೆರಾಗಳಿಗೆಂದು ಹಿತ್ತಾಳೆಯ ಪೆಟ್ಜ್‌ವಾಲ್ ಮಸೂರವನ್ನೇ ಮತ್ತೆ ಮಾಡಿಸಿತು. ಮೊಬೈಲಿನಲ್ಲಿ ಮುಖ ಸ್ಪಷ್ಟವಾಗಿ ಹಿನ್ನೆಲೆ ಮಸುಕಾಗಿ ಬರುವ ಸೌಲಭ್ಯವಿದೆಯಲ್ಲ, ಅಲ್ಲೂ ಜನ ಬಯಸುವುದು ಇಂಥದನ್ನೇ.

ಹಾಗೆಂದು ಪೆಟ್ಜ್‌ವಾಲ್ ಎಲ್ಲದಕ್ಕೂ ಆಗುವುದಿಲ್ಲ. ರಾಯದುರ್ಗ, ಆದವಾನಿ ಕಡೆಯ ಕೇಳುಗರಿಗೆ ಹಂಪಿ ದೂರವಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ ಹಂಪಿಯ ಗುಡಿಗೋಪುರಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಒಂದೊಂದು ಹಾಳೆಯೂ ಸುಮಾರು 16 ಅಂಗುಲಕ್ಕೆ 18 ಅಂಗುಲ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಅಂಥ ಕೆಲಸಕ್ಕೆ ಮೂಲೆಯಿಂದ ಮೂಲೆಗೆ ಕಂಬಗಳು ಸ್ಪಷ್ಟವಾಗಿ ಬರಬೇಕು. ಕಲ್ಲಿನ ಗುಡಿ ಎಷ್ಟು ಹೊತ್ತಾದರೂ ಕಾಯುತ್ತದೆ; ಹೆಚ್ಚು ಬೆಳಕಿನ ಮಸೂರ ಬೇಡ. ಕಟ್ಟಡದ ಗೆರೆಗಳು ಬಾಗದಂತೆ ತೋರಿಸುವ ‘ರ್‍ಯಾಪಿಡ್ ರೆಕ್ಟಿಲಿನಿಯರ್’ ಎಂಬ ಮಸೂರ 1866ರಲ್ಲಿ ಬಂತು. ಲಂಡನ್ನಿನ ಡಾಲ್‌ಮೇಯರ್ ಮತ್ತು ಮ್ಯೂನಿಕ್ಕಿನ ಸ್ಟೈನ್‌ಹೈಲ್ ಒಂದೇ ವರ್ಷ ಬೇರೆಬೇರೆಯಾಗಿ ಅದನ್ನು ರೂಪಿಸಿದರು. ಆದ್ದರಿಂದ ಹಳೆಯ ಮಸೂರ ಕೈಗೆ ಬಂದಾಗ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಮೊದಲು, ಯಾವ ಕೆಲಸಕ್ಕೆ ಮಾಡಿದ್ದು ಎಂದು ಕೇಳಬೇಕು. ಎತ್ತನ್ನು ಕುದುರೆಯಂತೆ ಓಡಲಿಲ್ಲವೆಂದು ಬೈದರೆ ತಪ್ಪು ಯಾರದು?

ಅದನ್ನು ತಿಳಿಯುವ ಪರೀಕ್ಷೆಗಳು ಕಷ್ಟದವಲ್ಲ. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಶುಚಿ. ಹಿತ್ತಾಳೆ ಕಂಡ ಕೂಡಲೇ ಹುಣಸೆಹಣ್ಣು ಹಚ್ಚಿ ಫಳಫಳ ಮಾಡಬೇಡಿ. ಹಳೆಯ ಮಸೂರದ ಹಿತ್ತಾಳೆಗೆ ಮೆರುಗೆಣ್ಣೆಯ ತೆಳು ಲೇಪವಿರುತ್ತದೆ, ಅದು ಹೋಗುತ್ತದೆ. ಗಾಜಿನ ದೂಳನ್ನು ಮೆತ್ತನೆಯ ಬ್ರಷ್ಷಿನಿಂದ ಝಾಡಿಸಿ, ಆಮೇಲೆ ಒಗೆದು ಮೆತ್ತಗಾದ ಹಳೆಯ ಹತ್ತಿ ಬಟ್ಟೆಯಿಂದ ಹಗುರಾಗಿ ಒರೆಸಿದರೆ ಸಾಕು. ಮತ್ತೊಂದು ಎಚ್ಚರಿಕೆ: ಇಂಥ ದೊಡ್ಡ ಮಸೂರವನ್ನು ಬಿಸಿಲಲ್ಲಿ ಬಿಚ್ಚಿ ಇಡಬೇಡಿ, ಅದರೊಳಗಿಂದ ಸೂರ್ಯನನ್ನು ನೋಡಲೇಬೇಡಿ. ಬಟ್ಟೆ ಹೊತ್ತಿಕೊಳ್ಳುತ್ತದೆ, ಕಣ್ಣು ಹೋಗುತ್ತದೆ.

ಎರಡನೆಯದು, ಜಾತಿ ಕಂಡುಹಿಡಿಯುವುದು. ರಾತ್ರಿ ಒಂದೇ ಬಲ್ಬು ಹಚ್ಚಿ, ಅದರ ಪ್ರತಿಬಿಂಬಗಳನ್ನು ಗಾಜಿನಲ್ಲಿ ಎಣಿಸಿ. ಎರಡು ಗಾಜುಗಳನ್ನು ಅಂಟಿಸಿದ್ದರೆ ಎರಡು ಪ್ರಕಾಶಮಾನವಾದ ಬಿಂಬ, ನಡುವೆ ಒಂದು ತೀರ ಮಂಕಾದ ಬಿಂಬ ಕಾಣುತ್ತದೆ. ಎರಡು ಗಾಜುಗಳ ನಡುವೆ ಗಾಳಿ ಇದ್ದರೆ ನಾಲ್ಕು ಪ್ರಕಾಶಮಾನ ಬಿಂಬಗಳು. ಮುಂದಿನ ಭಾಗದಲ್ಲಿ ಅಂಟಿಸಿದ ಜೋಡಿ, ಹಿಂದಿನ ಭಾಗದಲ್ಲಿ ಬಿಡಿ ಜೋಡಿ ಇದ್ದರೆ ಪೆಟ್ಜ್‌ವಾಲ್. ಎರಡೂ ಕಡೆ ಅಂಟಿಸಿದ ಜೋಡಿಯೇ ಇದ್ದರೆ ಬಹುಮಟ್ಟಿಗೆ ರ್‍ಯಾಪಿಡ್ ರೆಕ್ಟಿಲಿನಿಯರ್.

ಮೂರನೆಯದು, ಸಂಗಮದೂರ ಅಳೆಯುವುದು. ಸಂಗಮದೂರ ಎಂದರೆ ಬಹುದೂರದ ವಸ್ತುವಿನ ಬಿಂಬ ಸ್ಪಷ್ಟವಾಗಲು ಮಸೂರಕ್ಕೂ ಗಾಜಿಗೂ ಇರಬೇಕಾದ ಅಂತರ. ದೂರದ ಬೆಟ್ಟವನ್ನೋ ಗೋಪುರವನ್ನೋ ಸ್ಪಷ್ಟ ಮಾಡಿ ಕ್ಯಾಮೆರಾದ ಹಲಗೆಯ ಮೇಲೆ ಗುರುತು ಹಾಕಿ. ಆಮೇಲೆ ಒಂದು ರೂಪಾಯಿ ನಾಣ್ಯವನ್ನು ಎದುರಿಗಿಟ್ಟು, ಅದರ ಬಿಂಬ ನಾಣ್ಯದಷ್ಟೇ ದೊಡ್ಡದಾಗಿ ಸ್ಪಷ್ಟವಾಗುವವರೆಗೆ ತಿದಿ ಹಿಗ್ಗಿಸಿ, ಇನ್ನೊಂದು ಗುರುತು ಹಾಕಿ. ಎರಡು ಗುರುತುಗಳ ನಡುವಿನ ಅಂತರವೇ ಸಂಗಮದೂರ. ನನ್ನದು 22 ಸೆಂಟಿಮೀಟರ್ ಬಂತು. ಮುಂದಿನ ಗಾಜಿನ ಅಗಲ 6 ಸೆಂಟಿಮೀಟರ್. 22ನ್ನು 6ರಿಂದ ಭಾಗಿಸಿದರೆ ಸುಮಾರು 3.7. ಫೋಟೋದವರು ‘ಎಫ್ 3.7’ ಎನ್ನುವುದು ಇದಕ್ಕೇ. ಈ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು.

ನಾಲ್ಕನೆಯದು, ಬೆಳಕಿನ ಬಾಯಿ ಕಿರಿದು ಮಾಡುವುದು. ಹಲವು ಹಿತ್ತಾಳೆ ಕೊಳವೆಗಳ ಮೇಲೆ ಒಂದು ಸೀಳು ಇರುತ್ತದೆ. ತೂತುಳ್ಳ ತಗಡನ್ನು ಅದರಲ್ಲಿ ಇಳಿಬಿಡುವ ಉಪಾಯವನ್ನು 1858ರಲ್ಲಿ ಇಂಗ್ಲೆಂಡಿನ ಜಾನ್ ವಾಟರ್‌ಹೌಸ್ ತಿಳಿಸಿದ. ತಗಡುಗಳು ಸಾಮಾನ್ಯವಾಗಿ ಕಳೆದುಹೋಗಿರುತ್ತವೆ. ಚಿಂತೆ ಬೇಡ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದಕ್ಕೆ ಕರಿ ಬಳಿದು, ನಡುವೆ ದುಂಡಗೆ ಕತ್ತರಿಸಿ ಇಳಿಬಿಟ್ಟೆ. 2 ಸೆಂಟಿಮೀಟರ್ ತೂತಿಗೆ ನನ್ನ ಮಸೂರ ಹೆಚ್ಚುಕಡಿಮೆ ಎಫ್ 11 ಆಯಿತು. ತೂತು ಕಿರಿದಾದಂತೆ ಮೂಲೆಗಳೂ ಸ್ಪಷ್ಟವಾಗುತ್ತ ಬಂದವು, ಸುಳಿ ಮಾಯವಾಯಿತು. ಸುಳಿ ಬೇಕೇ, ಪೂರ್ತಿ ತೆರೆಯಿರಿ. ಬೇಡವೇ, ಕಾಗದ ಇಳಿಬಿಡಿ.

ಐದನೆಯದು ಬಹಳ ಮುಖ್ಯ. ಕೆಲವು ಹಳೆಯ ಮಸೂರಗಳಲ್ಲಿ ಕಣ್ಣಿಗೆ ಸ್ಪಷ್ಟವಾಗಿ ಕಂಡದ್ದು ಹಾಳೆಯ ಮೇಲೆ ಮಸುಕಾಗುತ್ತದೆ. ನಮ್ಮ ಕಣ್ಣಿಗೆ ಹಳದಿ, ಹಸಿರು ಬೆಳಕು ಹೆಚ್ಚು ಪ್ರಕಾಶ. ಹಳೆಯ ಕಾಲದ ತಟ್ಟೆಗಳು ನೋಡುತ್ತಿದ್ದುದು ನೀಲಿ ಬೆಳಕನ್ನು. ಎರಡೂ ಒಂದೇ ಜಾಗದಲ್ಲಿ ಕೂಡದಿದ್ದರೆ ಈ ತೊಂದರೆ. ಆಂಟೋಯಿನ್ ಕ್ಲೋಡೆ ಎಂಬ ಛಾಯಾಗ್ರಾಹಕ 1844ರಲ್ಲಿ ಇದನ್ನು ಗುರುತಿಸಿದ. ಪರೀಕ್ಷೆ ಹೀಗೆ: ಐದು ಬೆಂಕಿಪೊಟ್ಟಣಗಳ ಮೇಲೆ 1ರಿಂದ 5ರ ತನಕ ಅಂಕಿ ಬರೆದು, ಒಂದರ ಹಿಂದೆ ಒಂದು, ಒಂದೊಂದು ಬೆರಳಿನಷ್ಟು ಪಕ್ಕಕ್ಕೆ ಸರಿಸಿ ನಿಲ್ಲಿಸಿ. 3ನ್ನು ಸ್ಪಷ್ಟ ಮಾಡಿ ಚಿತ್ರ ತೆಗೆಯಿರಿ. ನನ್ನ ಚಿತ್ರದಲ್ಲಿ 3ರ ಬದಲು 4 ಸ್ಪಷ್ಟವಾಗಿ ಬಂದಿತ್ತು. ಆಮೇಲೆ ಅಷ್ಟು ಅಂತರವನ್ನು ಪ್ರತಿಬಾರಿಯೂ ಸರಿಪಡಿಸಿಕೊಂಡೆ.

ಇನ್ನು ಕ್ಯಾಮೆರಾ, ಫಿಲ್ಮು ಎಲ್ಲಿಂದ ತರಬೇಕು? ಕಾಸರಗೋಡಿನ ಕೇಳುಗರಿಗೆ ಇದು ಹೆಮ್ಮೆಯ ಸಂಗತಿ. ಅವರದೇ ರಾಜ್ಯದ ಆಲಪ್ಪುಳದಲ್ಲಿ ಕರುಣಾಕರನ್ ಎಂಬವರು 1940ರ ದಶಕದಲ್ಲಿ ‘ವಾಗೀಶ್ವರಿ’ ಎಂಬ ದೊಡ್ಡ ಕ್ಯಾಮೆರಾ ಮಾಡತೊಡಗಿದರು. ಅವರದು ಸಂಗೀತ ವಾದ್ಯ ರಿಪೇರಿಯ ಮನೆತನ. ಹಾರ್ಮೋನಿಯಂ ತಿದಿ ಹೊಲಿದ ಕೈಗೆ ಕ್ಯಾಮೆರಾದ ತಿದಿ ರಿಪೇರಿಗೆ ಬಂತು. ಅಲ್ಲಿಂದ ತೇಗದ ಮರ, ಹಿತ್ತಾಳೆಯ ಕ್ಯಾಮೆರಾವೇ ಹುಟ್ಟಿತು. ಮಸೂರ ಮಾತ್ರ ಹೊರನಾಡಿನದು. ಭಾರತದ ಅದೆಷ್ಟೋ ಸ್ಟುಡಿಯೋಗಳಲ್ಲಿ ಅದು ನಿಂತಿತ್ತು. ನೀಲಗಿರಿಯ ಕೇಳುಗರಿಗೂ ಒಂದು ನೆನಪು ಇದ್ದೀತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1960ರಲ್ಲಿ ಸ್ಥಾಪನೆಯಾಗಿ 1967ರಿಂದ ‘ಇಂದು’ ಹೆಸರಿನ ಫಿಲ್ಮು, ಕಾಗದ, ಎಕ್ಸ್‌ರೇ ಹಾಳೆ ಮಾಡುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿದೆ. ಹಾಳೆ ಫಿಲ್ಮು ಇವತ್ತು ಹೊರದೇಶದಿಂದ ಬರಬೇಕು, ಬೆಲೆಯೂ ಜಾಸ್ತಿ.

ಅದಕ್ಕೆ ಕಲಿಯುವವರು ಕಪ್ಪುಬಿಳುಪಿನ ಫೋಟೋ ಕಾಗದವನ್ನೇ ನೆಗೆಟಿವ್ ಆಗಿ ಬಳಸಬಹುದು. ಅದು ಅಗ್ಗ. ಕೆಂಪು ದೀಪದಲ್ಲಿ ಕಣ್ಣೆದುರೇ ತೊಳೆಯಬಹುದು. ಆದರೆ ಬೆಳಕಿಗೆ ಬಹಳ ಮಂದ. ಬೆಳಗಿನ ಹೊತ್ತು ನೆರಳಿನ ಪಡಸಾಲೆಯಲ್ಲಿ ಪೆಟ್ಜ್‌ವಾಲ್ ಪೂರ್ತಿ ತೆರೆದರೆ ಒಂದೆರಡು ಸೆಕೆಂಡು ಬೇಕು. ಸರಿಯಾದ ಹೊತ್ತು ತಿಳಿಯಲು ಉಪಾಯವಿದೆ. ಇಡೀ ಹಾಳೆಗೆ 1 ಸೆಕೆಂಡು ಬೆಳಕು ಕೊಡಿ. ಹಾಳೆಯ ಮುಂದಿನ ಮರೆಯನ್ನು ಕಾಲುಭಾಗ ಒಳಗೆ ತಳ್ಳಿ ಮತ್ತೆ 1 ಸೆಕೆಂಡು, ಇನ್ನೂ ಕಾಲುಭಾಗ ತಳ್ಳಿ 2 ಸೆಕೆಂಡು, ಮತ್ತೆ ಕಾಲುಭಾಗ ತಳ್ಳಿ 4 ಸೆಕೆಂಡು. ಒಂದೇ ಹಾಳೆಯಲ್ಲಿ 1, 2, 4, 8 ಸೆಕೆಂಡಿನ ನಾಲ್ಕು ಪಟ್ಟಿ ಸಿಗುತ್ತವೆ. ಚೆನ್ನಾಗಿ ಬಂದದ್ದನ್ನು ಆರಿಸಿಕೊಳ್ಳಿ. ತೊಳೆಯುವ ರಾಸಾಯನಿಕಗಳಿಗೆ ಬೇರೆಯೇ ತಟ್ಟೆಗಳಿರಲಿ. ಅಡುಗೆಯ ಪಾತ್ರೆ ಮುಟ್ಟಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಈ ಕಾಗದಕ್ಕೂ ನೀಲಿ ಬೆಳಕೇ ಹೆಚ್ಚು ಕಾಣುತ್ತದೆ, ಕೆಂಪು ಕಾಣುವುದೇ ಇಲ್ಲ. ನಮ್ಮ ಅಜ್ಜಿ, ಮುತ್ತಜ್ಜಿಯರ ಚಿತ್ರಗಳಲ್ಲಿ ಹಣೆಯ ಕುಂಕುಮ ಅಚ್ಚಕಪ್ಪಾಗಿ, ಅರಿಸಿನ ಹಚ್ಚಿದ ಮುಖ ಇದ್ದದ್ದಕ್ಕಿಂತ ಕಪ್ಪಾಗಿ, ನೀಲಿ ಸೀರೆ ಬೆಳ್ಳಗೆ ಕಾಣುವುದಕ್ಕೆ ಇದೇ ಕಾರಣ. ಅವರ ಬಣ್ಣವನ್ನು ಆ ಚಿತ್ರಗಳಿಂದ ಅಳೆಯಬಾರದು.

ನನ್ನ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಉತ್ಸಾಹದಲ್ಲಿ ಹಿಂದಿನ ಬಿಡಿ ಜೋಡಿಯನ್ನು ಬಿಚ್ಚಿ ಒರೆಸಿ ಮತ್ತೆ ಕೂಡಿಸಿದೆ. ಅದಾದ ಮೇಲೆ ಏನು ಮಾಡಿದರೂ ಚಿತ್ರ ಸ್ಪಷ್ಟವಾಗಲಿಲ್ಲ. ಎಲ್ಲದಕ್ಕೂ ಮಂಜು ಕವಿದಂತೆ. ಎರಡು ವಾರ ಕಾಗದ, ಔಷಧ, ಬೆಳಕು ಎಲ್ಲವನ್ನೂ ಶಂಕಿಸಿದೆ. ಕಡೆಗೆ ನೋಡಿದರೆ ಒಂದು ಗಾಜನ್ನು ನಾನೇ ಮಗುಚಿ ಹಾಕಿದ್ದೆ! ಗಾಜು ಬಿಚ್ಚುವ ಮೊದಲು ಅಂಚಿನಲ್ಲಿ ಪೆನ್ಸಿಲಿನ ಬಾಣದ ಗುರುತು ಹಾಕಬೇಕು ಎಂಬುದು ಆಗ ತಿಳಿಯಿತು. ಇನ್ನೊಂದೂ ತಿಳಿಯಿತು. ಪರೀಕ್ಷೆ ಮಾಡುವಾಗ ಒಮ್ಮೆಗೆ ಒಂದನ್ನೇ ಬದಲಿಸಬೇಕು. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಹೇಳುವವರು ಯಾರು? ಒಂದು ವಹಿಯಲ್ಲಿ ದಿನ, ಹೊತ್ತು, ತೂತಿನ ಅಳತೆ, ಎಷ್ಟು ಸೆಕೆಂಡು ಎಂದು ಬರೆದಿಡಿ. ಸೋತದ್ದನ್ನೂ ಬರೆಯಿರಿ. ಪೆಟ್ಜ್‌ವಾಲನ ಲೆಕ್ಕಕ್ಕೆ ನಾವು ಸಲ್ಲಿಸಬಹುದಾದ ಗೌರವ ಅದು.

ಎಲ್ಲ ಸರಿಯಾದ ಮೇಲೆ ನಮ್ಮ ಸೋದರತ್ತೆಯನ್ನು ಪಡಸಾಲೆಯಲ್ಲಿ ಕೂರಿಸಿದೆ. ಎಂಬತ್ತು ದಾಟಿದ ಜೀವ. ಅವರ ಮುಖ ಇದ್ದದ್ದು ಸರಕಾರಿ ಕಾರ್ಡುಗಳಲ್ಲಿ ಮಾತ್ರ, ಅದೂ ಹೆದರಿದಂತೆ. ಮೊದಲು ಅವರಿಗೇ ಕರಿಬಟ್ಟೆಯೊಳಗೆ ಇಣುಕಲು ಹೇಳಿ, ಎದುರಿಗೆ ನನ್ನ ಮಗಳನ್ನು ನಿಲ್ಲಿಸಿದೆ. “ಅಯ್ಯ, ಹುಡುಗಿ ತಲಿಕೆಳಗ ನಿಂತಾಳಲ್ಲೋ! ನನ್ನೂ ಹಿಂಗ ಮಾಡ್ತಿ ಏನ?” ಎಂದರು. ನಕ್ಕೆವು. ಆಮೇಲೆ ಅವರ ಬೆನ್ನನ್ನು ಗೋಡೆಗೆ ಆನಿಸಿ, “ಅತ್ತಿ, ನಾ ಎರಡು ಎಣಿಸೂತನಾ ಅಲುಗಾಡಬ್ಯಾಡ್ರಿ” ಎಂದು ಮುಚ್ಚಳ ತೆಗೆದೆ. ಎರಡೇ ಸೆಕೆಂಡು. ಆದರೆ ಆ ಎರಡು ಸೆಕೆಂಡು ಅವರು ಉಸಿರು ಹಿಡಿದು ನೋಡಿದ ನೋಟ ಸುಮ್ಮನೆ ಗುಂಡಿ ಒತ್ತಿದರೆ ಬರುವಂಥದಲ್ಲ. ಕಣ್ಣು, ಹಣೆ, ಮೂಗುಬಟ್ಟು ಸ್ಪಷ್ಟ. ಸೆರಗಿನ ಅಂಚು, ಹಿಂದಿನ ಬಾಗಿಲು ನಿಧಾನಕ್ಕೆ ಕರಗಿವೆ. ಮರುವರ್ಷ ಅವರು ತೀರಿಕೊಂಡರು. ಈಗ ಮನೆಯಲ್ಲಿ ಹಾರ ಹಾಕುವುದು ಆ ಚಿತ್ರಕ್ಕೇ.

ಬಾಂಧವರೇ, ನಿಮ್ಮ ಊರಿನಲ್ಲೂ ಬಾಗಿಲು ಹಾಕಿದ ಒಂದು ಸ್ಟುಡಿಯೋ ಇರಬಹುದು, ಪೆಟ್ಟಿಗೆಯಲ್ಲಿ ಒಂದು ಹಳೆಯ ಕ್ಯಾಮೆರಾ ಇರಬಹುದು, ನಿಂತುಹೋದ ಟಾಕೀಸಿನ ಪ್ರೊಜೆಕ್ಟರು ತುಕ್ಕು ಹಿಡಿದಿರಬಹುದು. ಗಾಜಿನ ನೆಗೆಟಿವ್‌ಗಳಿದ್ದರೆ ತೊಳೆಯಬೇಡಿ. ಅದರಲ್ಲಿರುವುದು ಯಾರದೋ ಮನೆಯ ಹಿರಿಯರ ಮುಖ. ಹಿತ್ತಾಳೆಯ ಕೊಳವೆ ಸಿಕ್ಕರೆ ತಕ್ಕಡಿಗೆ ಹಾಕುವ ಮೊದಲು ಒಂದು ರಾತ್ರಿ ಬಲ್ಬಿನ ಕೆಳಗೆ ಹಿಡಿದು ಪ್ರತಿಬಿಂಬ ಎಣಿಸಿ. ಗೋಡೆಯ ಮೇಲಿನ ಹಳೆಯ ಚಿತ್ರದಲ್ಲಿ ಮೂಲೆ ಮಸುಕಾಗಿದ್ದರೆ ಕೆಟ್ಟುಹೋಗಿದೆ ಎಂದು ಎತ್ತಿಡಬೇಡಿ. ಮುಖಕ್ಕೆ ಬೆಳಕು ಸಾಲಲಿ ಎಂದು ಲೆಕ್ಕ ಹಾಕಿದವನೊಬ್ಬ ಆ ಮೂಲೆಗಳನ್ನು ತಿಳಿದೇ ಬಿಟ್ಟುಕೊಟ್ಟಿದ್ದ.

ಭಂಗಾರವೋ ಬಂಗಾರವೋ ಎಂಬುದನ್ನು ಆಮೇಲೆ ನೀವೇ ಹೇಳಿ.